ಗೆರೆ ಮಲಗಿದ ಜಾಗ

ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಕೂತು ಊರವರ ಲೆಕ್ಕ ನೋಡಿದವನಿಗೆ, ನಿವೃತ್ತನಾದ ಮೇಲೆ ತನ್ನ ಕಾಲಿನ ಲೆಕ್ಕ ತಾನೇ ನೋಡಿಕೊಳ್ಳುವ ಯೋಗ ಬರುತ್ತದೆಂದು ಯಾರೂ ಹೇಳಿರಲಿಲ್ಲ. ಸಕ್ಕರೆ ಗಡಿಯಲ್ಲಿದೆ ಅಂದರು ಡಾಕ್ಟರು. ನಡೆಯತೊಡಗಿದೆ. ನಡೆಯುವುದನ್ನು ಕಂಡ ಲಾಲ್‌ಬಾಗಿನ ಓಟದ ಗುಂಪಿನವರು ‘ಬನ್ನಿ ಸಾರ್, ನಿಧಾನಕ್ಕೇ ಓಡೋಣ’ ಎಂದು ಸೇರಿಸಿಕೊಂಡರು. ಓಡುವುದನ್ನು ಕಂಡ ಮಗಳು ಹುಟ್ಟುಹಬ್ಬಕ್ಕೆ ಜಿಪಿಎಸ್ ವಾಚು ತಂದು ಮಣಿಕಟ್ಟಿಗೆ ಕಟ್ಟಿದಳು. ನನ್ನ ನೆಮ್ಮದಿಯ ಖಾತೆ ಅವತ್ತೇ ಕ್ಲೋಸಾಯಿತು.

ಅದಕ್ಕೆ ಮುಂಚೆ, ಓಡಿ ಬಂದವನನ್ನು ಮನೆಯವಳು ‘ಹೇಗಿತ್ತು?’ ಅಂತ ಕೇಳಿದರೆ ‘ಚೆನ್ನಾಗಿತ್ತು’ ಅನ್ನುತ್ತಿದ್ದೆ. ಈಗ ಹಾಗೆ ಬಾಯಿಗೆ ಬಂದದ್ದು ಹೇಳುವಂತಿಲ್ಲ. ಬೆವರು ಒರೆಸಿಕೊಳ್ಳುವ ಮೊದಲೇ ಫೋನ್ ತೆಗೆದು, ಚೆನ್ನಾಗಿತ್ತೋ ಇಲ್ಲವೋ ಅಂತ ನೋಡಿ ತಿಳಿದುಕೊಂಡು ಆಮೇಲೆ ಹೇಳಬೇಕು. ಪರದೆಯ ಮೇಲೆ ಮೂರು ಗೆರೆ: ನೀಲಿಯದು ಓಟದ್ದು, ಕೆಂಪಿನದು ಎದೆಬಡಿತದ್ದು, ಹಿಂದೆ ಬೂದು ಬಣ್ಣದಲ್ಲಿ ಗುಡ್ಡದ ಹಾಗೆ ಕಾಣುವುದು ರಸ್ತೆಯ ಏರಿಳಿತ. ಅದರ ಕೆಳಗೆ ಒಂದೊಂದು ಕಿಲೋಮೀಟರಿಗೂ ಎಷ್ಟೆಷ್ಟು ನಿಮಿಷ ಹಿಡಿಯಿತೆಂಬ ಪಟ್ಟಿ. ಓಡುವವರು ಇದಕ್ಕೆ ಸ್ಪ್ಲಿಟ್ ಅನ್ನುತ್ತಾರೆ. ಕನ್ನಡದಲ್ಲಿ ಒಳ್ಳೆಯ ಪದ ಹುಡುಕಿದೆ. ‘ಕಂತು’ ಅನ್ನಬಹುದಿತ್ತು. ಬ್ಯಾಂಕಿನವನ ಕಿವಿಗೆ ಅದು ಸಾಲದ ಹಾಗೆ ಕೇಳಿಸಿತು, ಬಿಟ್ಟೆ.

ಮೊದಲ ತೊಡಕು ಬಂದದ್ದು ಪೇಸ್ ಎಂಬ ಅಂಕಿಯಿಂದ. ಸ್ಕೂಟರಿನವನು ಗಂಟೆಗೆ ಎಷ್ಟು ಕಿಲೋಮೀಟರ್ ಅನ್ನುತ್ತಾನೆ. ಓಟದವನು ಅದನ್ನೇ ತಲೆಕೆಳಗು ಮಾಡಿ, ಕಿಲೋಮೀಟರಿಗೆ ಎಷ್ಟು ನಿಮಿಷ ಅನ್ನುತ್ತಾನೆ. ಅಂಕಿ ದೊಡ್ಡದಾದಷ್ಟೂ ಹಿಗ್ಗಬೇಕೆಂದು ಕಲಿತು ಬಂದ ನನಗೆ ಇಲ್ಲಿ ಏಳಕ್ಕಿಂತ ಆರು ಮೇಲು, ಆರಕ್ಕಿಂತ ಐದು ಮೇಲು ಎಂಬುದು ಅರಗಲು ಒಂದು ತಿಂಗಳು ಬೇಕಾಯಿತು. ಗೆರೆ ಮೇಲಕ್ಕೆ ಹೋದರೆ ವೇಗ ಎಂದು ಕಾಣಿಸಬೇಕಲ್ಲ, ಅದಕ್ಕೆ ಗ್ರಾಫಿನ ಪಕ್ಕದ ಅಂಕಿಗಳನ್ನೇ ಬುಡಮೇಲು ಬರೆದಿರುತ್ತಾರೆ. ಕೆಳಗೆ ಹತ್ತು, ಮೇಲೆ ನಾಲ್ಕು. ಇನ್ನು ನಿಂತುಬಿಟ್ಟರೆ? ಅಲುಗದವನಿಗೆ ಒಂದು ಕಿಲೋಮೀಟರ್ ಮುಗಿಸಲು ಎಷ್ಟು ಹೊತ್ತು ಬೇಕು? ಅನಂತ. ಶೂ ಲೇಸು ಕಟ್ಟಲು ಬಗ್ಗಿದಾಗೆಲ್ಲ ನನ್ನ ನೀಲಿ ಗೆರೆ ಬಾವಿಗೆ ಬಿದ್ದ ಬಿಂದಿಗೆಯಂತೆ ಧಡಕ್ಕನೆ ಕೆಳಗಿಳಿಯುವುದು ಇದಕ್ಕೇ.

ಇಷ್ಟು ತಿರುಗುಮುರುಗು ಯಾಕೆ ಎಂದು ನಮ್ಮ ಗುಂಪಿನ ಫಿಸಿಕ್ಸ್ ಮೇಷ್ಟ್ರನ್ನು ಕೇಳಿದೆ. ಅವರು ನೇರ ಉತ್ತರ ಕೊಡುವ ಜಾತಿಯವರಲ್ಲ. ‘ಬೆಟ್ಟಕ್ಕೆ ಗಂಟೆಗೆ ಆರು ಕಿಲೋಮೀಟರ್ ವೇಗದಲ್ಲಿ ಹತ್ತಿದಿರಿ. ಅದೇ ದಾರೀಲಿ ಹನ್ನೆರಡರ ವೇಗದಲ್ಲಿ ಇಳಿದಿರಿ. ಸರಾಸರಿ ಎಷ್ಟು?’ ಅಂದರು. ‘ಒಂಬತ್ತು’ ಅಂದೆ, ಕಣ್ಣು ಮಿಟುಕಿಸುವಷ್ಟರಲ್ಲಿ. ಮೇಷ್ಟ್ರು ನಕ್ಕರು. ದಾರಿ ಆರು ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಹತ್ತಲು ಒಂದು ಗಂಟೆ, ಇಳಿಯಲು ಅರ್ಧ ಗಂಟೆ. ಹನ್ನೆರಡು ಕಿಲೋಮೀಟರಿಗೆ ಒಂದೂವರೆ ಗಂಟೆ, ಅಂದರೆ ಸರಾಸರಿ ಎಂಟು! ನಿಧಾನದಲ್ಲಿ ಹೆಚ್ಚು ಹೊತ್ತು ಕಳೆಯುತ್ತೇವಾದ್ದರಿಂದ ಸರಾಸರಿ ಅತ್ತಲೇ ವಾಲುತ್ತದೆ. ಪೇಸಿನಲ್ಲಿ ಈ ಮೋಸವಿಲ್ಲ. ಕಿಲೋಮೀಟರಿಗೆ ಹತ್ತು ನಿಮಿಷ, ಕಿಲೋಮೀಟರಿಗೆ ಐದು ನಿಮಿಷ. ಕೂಡಿಸಿ ಎರಡರಿಂದ ಭಾಗಿಸಿದರೆ ಏಳೂವರೆ, ಅದೇ ಸರಿಯಾದ ಉತ್ತರ. ಸ್ಪ್ಲಿಟ್‌ಗಳನ್ನು ದಿನಸಿ ಚೀಟಿಯಂತೆ ಮೇಲಿಂದ ಕೆಳಕ್ಕೆ ಕೂಡಿಸಬಹುದು. ಟ್ಯಾಲಿ ಆಗುವ ಯಾವ ಪದ್ಧತಿಗೂ ನನ್ನ ವಿರೋಧವಿಲ್ಲ. ಅಂದಿನಿಂದ ಪೇಸಿಗೆ ಶರಣಾದೆ.

ಲೆಕ್ಕದ ಹುಚ್ಚು ಹತ್ತಿದರೆ ಬೇಗ ಬಿಡುವುದಿಲ್ಲ. ನಮ್ಮಜ್ಜ ಗಡಿಯಾರ ನೋಡಿದವರಲ್ಲ, ಹೊತ್ತನ್ನು ಗಳಿಗೆಯಲ್ಲಿ ಹೇಳುತ್ತಿದ್ದರು, ದೂರವನ್ನು ಹರದಾರಿಯಲ್ಲಿ. ಗಳಿಗೆ ಅಂದರೆ 24 ನಿಮಿಷ, ವಿಘಳಿಗೆ ಅಂದರೆ 24 ಸೆಕೆಂಡು. ನಾನು ಹಾಫ್ ಮ್ಯಾರಥಾನ್ ಮುಗಿಸುವುದು ಎರಡು ಗಂಟೆ ಇಪ್ಪತ್ನಾಲ್ಕು ನಿಮಿಷಕ್ಕೆ, ಅಂದರೆ ಸರಿಯಾಗಿ ಆರು ಗಳಿಗೆಗೆ. ಕಿಲೋಮೀಟರಿಗೆ ಹದಿನೇಳು ವಿಘಳಿಗೆ ಬೀಳುತ್ತದೆ. ಹೀಗೆ ಹೇಳಿದರೆ ಎಷ್ಟು ಗಂಭೀರ ಸಾಧನೆಯಂತೆ ಕೇಳುತ್ತದೆ ನೋಡಿ. ಮಗಳಿಗೆ ಹೇಳಿದೆ, ಆಪ್‌ನಲ್ಲಿ ಆ ಆಯ್ಕೆ ಇಲ್ಲವಂತೆ.

ಈಗ ನನ್ನ ಒಂದು ಓಟದ ಪಟ್ಟಿಯನ್ನೇ ನಿಮ್ಮ ಮುಂದಿಡುತ್ತೇನೆ. ಕಳೆದ ವರ್ಷ ಬೆಂಗಳೂರಿನಲ್ಲೇ ಓಡಿದ ಹತ್ತು ಕಿಲೋಮೀಟರು. ಮೊದಲನೆಯದು 5:48. ಆಮೇಲೆ 6:05, 6:20, 6:24, 6:31. ಅರ್ಧ ಮುಗಿಯಿತು. ಆರನೆಯದು 6:52, ಏಳನೆಯದು 7:10, ಮುಂದೆ 7:05, 7:02, ಕೊನೆಯದು 6:10. ಸರಾಸರಿ 6:33. ನಿಜ ಹೇಳಬೇಕೆಂದರೆ, ಆ ಸರಾಸರಿಯ ಹತ್ತಿರ ನಾನು ಸುಳಿದದ್ದು ಐದನೆಯ ಕಿಲೋಮೀಟರಿನಲ್ಲಿ ಮಾತ್ರ, ಅದೂ ಮೇಲಿನಿಂದ ಕೆಳಗೆ ಜಾರುವಾಗ ದಾರಿಯಲ್ಲಿ ಸಿಕ್ಕಿದ್ದಕ್ಕೆ. ಬಾಕಿ ಪಟ್ಟಿಯೆಲ್ಲ ಒಬ್ಬ ಮನುಷ್ಯನ ಚರಿತ್ರೆ. 5:48ರಲ್ಲಿ ಬ್ಯಾಂಡು ಬಾರಿಸುತ್ತಿದ್ದರು, ಪಕ್ಕದಲ್ಲಿ ಇಪ್ಪತ್ತೈದರ ಹುಡುಗರಿದ್ದರು. 7:10ರಲ್ಲಿ ಯಾರೂ ಇರಲಿಲ್ಲ. 6:10ರಲ್ಲಿ ಫೋಟೋಗ್ರಾಫರ್ ಇದ್ದ.

ಮೊದಲ ಅರ್ಧಕ್ಕೆ 31:08, ಎರಡನೆಯದಕ್ಕೆ 34:19. ಹೀಗೆ ಉತ್ತರಾರ್ಧ ನಿಧಾನವಾದರೆ ಅದಕ್ಕೆ ಪಾಸಿಟಿವ್ ಸ್ಪ್ಲಿಟ್ ಎಂದು ಹೆಸರು, ಅದು ಕೆಟ್ಟದ್ದು. ಉತ್ತರಾರ್ಧ ಬಿರುಸಾದರೆ ನೆಗೆಟಿವ್ ಸ್ಪ್ಲಿಟ್, ಅದು ಒಳ್ಳೆಯದು. ಅಂಕಿ ತಲೆಕೆಳಗಾದ ಲೋಕದಲ್ಲಿ ಇದೊಂದು ನೆಟ್ಟಗಿರಲು ಸಾಧ್ಯವೇ? ಒಳ್ಳೆಯದರ ಮಾದರಿ ಬೇಕಾದರೆ 2023ರ ಅಕ್ಟೋಬರಿನ ಶಿಕಾಗೊ ಮ್ಯಾರಥಾನ್ ನೋಡಬೇಕು. ಕೀನ್ಯಾದ ಕೆಲ್ವಿನ್ ಕಿಪ್ಟಮ್ ಮೊದಲರ್ಧವನ್ನು 60:48ಕ್ಕೆ, ಎರಡನೆಯದನ್ನು 59:47ಕ್ಕೆ ಓಡಿ, 2:00:35ರ ವಿಶ್ವದಾಖಲೆ ಬರೆದ. ಮ್ಯಾರಥಾನ್ ಓಡಿದವರನ್ನು ಕೇಳಿ, ಮೂವತ್ತು ಕಿಲೋಮೀಟರಿನ ಆಚೆಗೆ ‘ಗೋಡೆ’ ಬರುತ್ತದೆ ಅನ್ನುತ್ತಾರೆ. ಮಾಂಸಖಂಡದಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು ತೀರಿ, ಗ್ರಾಫು ಮೆಟ್ಟಿಲಿಳಿಯುತ್ತದೆ. ಎಲ್ಲರ ಗೆರೆಯೂ ಕುಸಿಯುವ ಆ ಜಾಗದಲ್ಲಿ ಈ ಹುಡುಗನ ಗೆರೆ ಏರಿತ್ತು. ನಾಲ್ಕೇ ತಿಂಗಳಿಗೆ, 24ರ ಪ್ರಾಯದಲ್ಲಿ, ಕಾರು ಅಪಘಾತದಲ್ಲಿ ಹೋಗಿಬಿಟ್ಟ. ಆ ಎರಡು ಅಂಕಿಗಳನ್ನು ಈಗಲೂ ಆಗಾಗ ತೆಗೆದು ನೋಡುತ್ತೇನೆ.

ನನ್ನ ಪಟ್ಟಿಗೆ ಬರೋಣ. ಹತ್ತೂ ಸ್ಪ್ಲಿಟ್ ಕೂಡಿಸಿದರೆ 65:27. ಕೈಗೆ ಕೊಟ್ಟ ಪ್ರಮಾಣಪತ್ರದಲ್ಲಿ 66:34! ಒಂದು ನಿಮಿಷ ಏಳು ಸೆಕೆಂಡು ಎಲ್ಲಿಂದ ಬಂತು? ಡೇಬುಕ್ ಟ್ಯಾಲಿಯಾಗದೆ ರಾತ್ರಿ ಒಂಬತ್ತರವರೆಗೆ ಕೂತ ದಿನಗಳು ನೆನಪಾದವು. ಹುಡುಕಿದರೆ ಪಟ್ಟಿಯ ಬುಡದಲ್ಲಿ ಒಂದು ಚಿಲ್ಲರೆ ಸಾಲು ಸಿಕ್ಕಿತು: 0.18 ಕಿಲೋಮೀಟರ್, 1:07. ವಾಚಿನ ಪ್ರಕಾರ ನಾನು ಓಡಿದ್ದು ಹತ್ತಲ್ಲ, 10.18. ಕೊನೆಯ ಗೆರೆ ದಾಟಿದ ಜಾಗದಲ್ಲಿ ಬಾಳೆಹಣ್ಣು ತಿನ್ನುತ್ತಿದ್ದವರೆಲ್ಲ ಮಣಿಕಟ್ಟು ತಿರುಗಿಸಿ ಇದಕ್ಕೇ ಜಗಳವಾಡುತ್ತಿದ್ದರು. ಒಬ್ಬರದು 10.12, ಇನ್ನೊಬ್ಬರದು 10.25. ‘ಅಳತೆ ಸರಿ ಇಲ್ಲ ಸಾರ್, ಜಾಸ್ತಿ ಓಡಿಸಿದ್ದಾರೆ’ ಎಂಬ ಒಮ್ಮತಕ್ಕೆ ಬರಲು ಎರಡು ಹಣ್ಣು ಸಾಕಾಯಿತು. ನಾನೂ ಕೂಗಿದವನೇ.

ಮೇಷ್ಟ್ರು ಮಾತ್ರ ನೀರು ಕುಡಿಯುತ್ತ ಸುಮ್ಮನಿದ್ದರು. ಆಮೇಲೆ ಹೇಳಿದರು. ಓಟದ ದಾರಿಯನ್ನು ಅಳೆಯುವುದು ಉಪಗ್ರಹದಿಂದಲ್ಲ, ಸೈಕಲ್ಲಿನಿಂದ. ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಪುಟ್ಟ ಎಣಿಕೆಯಂತ್ರ ಸಿಕ್ಕಿಸಿ, ಉಕ್ಕಿನ ಟೇಪಿನಲ್ಲಿ ಅಳೆದ ರಸ್ತೆಯಲ್ಲಿ ಮೊದಲು ಅದನ್ನು ಪರೀಕ್ಷಿಸಿಕೊಂಡು, ಆಮೇಲೆ ದಾರಿಯುದ್ದಕ್ಕೂ ತುಳಿಯುತ್ತಾರೆ. ತಿರುವುಗಳಲ್ಲಿ ಅಂಚಿನ ಕಲ್ಲಿನಿಂದ 30 ಸೆಂಟಿಮೀಟರ್ ಬಿಟ್ಟು, ಎಷ್ಟು ಹತ್ತಿರದ ಹಾದಿ ಸಾಧ್ಯವೋ ಅಷ್ಟನ್ನೇ ಹಿಡಿಯುತ್ತಾರೆ. ದಾರಿ ಕಡಿಮೆಯಾಯಿತೆಂಬ ಮಾತು ಬರಬಾರದೆಂದು ಕಿಲೋಮೀಟರಿಗೆ ಒಂದು ಮೀಟರ್ ಕೊಸರು ಬೇರೆ. ತರಕಾರಿಯವಳು ಕೊನೆಗೆ ಎರಡು ಎಸಳು ಕರಿಬೇವು ಹಾಕುವ ಹಾಗೆ. ಆ ಅತಿ ಹತ್ತಿರದ ಗೆರೆಯ ಮೇಲೆ ಯಾರು ಓಡುತ್ತಾರೆ? ನಾನಂತೂ ನೀರಿನ ಟೇಬಲ್ಲಿಗೆ ಎಡಕ್ಕೆ, ಪರಿಚಯದವರು ಕೈಬೀಸಿದರೆ ಬಲಕ್ಕೆ, ಮುಂದೆ ಸಾಲಾಗಿ ಹರಟುತ್ತ ಹೋಗುವವರನ್ನು ಸುತ್ತಿ ಬಳಸಿ ಹೋದವನು. ‘ಅಳತೆಯಲ್ಲಿ ಹೆಚ್ಚುಕಮ್ಮಿ ಇಲ್ಲ. ಹೆಚ್ಚುಕಮ್ಮಿ ಇರೋದು ನಿಮ್ಮಲ್ಲಿ ಮತ್ತೆ ನಿಮ್ಮ ವಾಚಿನಲ್ಲಿ’ ಅಂದರು ಮೇಷ್ಟ್ರು. ವಾಚಿನ ಹತ್ತು ಕಿಲೋಮೀಟರ್ ಮೊದಲೇ ಮುಗಿದದ್ದರಿಂದ ಪೇಸ್ 6:32 ಎಂದು ಅದು ಶಭಾಸ್ ಹೇಳಿತ್ತು. ಪ್ರಮಾಣಪತ್ರದ ಲೆಕ್ಕದಲ್ಲಿ 6:39. ನಡುವಿನ ಏಳು ಸೆಕೆಂಡು ಆಕಾಶದಿಂದ ಬಂದ ಬಳುವಳಿ. ನಾನದನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕಿಟ್ಟಿದ್ದೇನೆ.

ಆಕಾಶವನ್ನೂ ದೂರುವಂತಿಲ್ಲ. 20,200 ಕಿಲೋಮೀಟರ್ ಎತ್ತರದಲ್ಲಿ ಪರಮಾಣು ಗಡಿಯಾರ ಹೊತ್ತು ಸುತ್ತುವ ಉಪಗ್ರಹಗಳು ‘ಈಗ ಹೊತ್ತು ಇಷ್ಟು’ ಅಂತ ಕೂಗುತ್ತಲೇ ಇರುತ್ತವೆ. ಕನಿಷ್ಠ ನಾಲ್ಕರ ಕೂಗು ಕೇಳಿಸಿಕೊಂಡು, ಯಾವುದು ಎಷ್ಟು ತಡವಾಗಿ ಬಂತೆಂದು ಗುಣಿಸಿ, ನಾನು ಎಲ್ಲಿದ್ದೇನೆಂದು ಈ ವಾಚು ಹೇಳಬೇಕು. ಕೂಗಳತೆ ದೂರ ಎಂದು ನಮ್ಮ ಹಿರಿಯರು ಅಂದದ್ದು ಇದನ್ನೇ ಇರಬೇಕು. ನ್ಯಾನೊಸೆಕೆಂಡ್ ತಪ್ಪಿದರೆ 30 ಸೆಂಟಿಮೀಟರ್ ತಪ್ಪು. ಐನ್‌ಸ್ಟೈನರ ಲೆಕ್ಕದಂತೆ ಮೇಲಿನ ಗಡಿಯಾರ ನೆಲದ್ದಕ್ಕಿಂತ ದಿನಕ್ಕೆ 38 ಮೈಕ್ರೊಸೆಕೆಂಡ್ ಮುಂದೆ ಹೋಗುತ್ತದೆ. ಅದನ್ನು ಸರಿಪಡಿಸದೆ ಬಿಟ್ಟಿದ್ದರೆ ತಪ್ಪು ದಿನಕ್ಕೆ ಹತ್ತು ಕಿಲೋಮೀಟರಿನಷ್ಟು ಬೆಳೆಯುತ್ತಿತ್ತು. ನಾನು ಹಾಸಿಗೆಯಲ್ಲಿ ಮಲಗಿಕೊಂಡೇ ಹತ್ತು ಓಡಬಹುದಾಗಿತ್ತು, ಐನ್‌ಸ್ಟೈನರು ಕೆಡಿಸಿದರು. 2000ದ ಮೇ ತಿಂಗಳವರೆಗೆ ಅಮೆರಿಕದ ಸೇನೆ ಜನಸಾಮಾನ್ಯರ ಜಿಪಿಎಸ್‌ಗೆ ಬೇಕೆಂದೇ ನೂರು ಮೀಟರಿನಷ್ಟು ತಪ್ಪು ಬೆರೆಸಿ ಕಳಿಸುತ್ತಿತ್ತು. ಆಗ ಈ ವಾಚಿದ್ದಿದ್ದರೆ ನಾನು ವಾರಕ್ಕೆರಡು ಸಲ ಲಾಲ್‌ಬಾಗ್ ಕೆರೆಯ ನೀರಿನ ಮೇಲೆ ಓಡಿರುತ್ತಿದ್ದೆ.

ಈಗಲೂ ಮರದ ನೆರಳು, ಗಾಜಿನ ಕಟ್ಟಡ, ಮೆಟ್ರೊ ಕಂಬಗಳ ಕೆಳಗೆ ಮೂರು ನಾಲ್ಕು ಮೀಟರ್ ಆಚೀಚೆ ಆಗುವುದು ಮಾಮೂಲು. ಕೂಗು ಗೋಡೆಗೆ ಬಡಿದು ತಿರುಗಿ ಬಂದರೆ ವಾಚು ತಬ್ಬಿಬ್ಬಾಗುತ್ತದೆ. ನಾನು ಒಂದು ಸೆಕೆಂಡಿಗೆ ಮುಂದೆ ಹೋಗುವುದೇ ಎರಡೂವರೆ ಮೀಟರ್, ಗುರುತು ತಪ್ಪುವುದು ಅದಕ್ಕಿಂತ ಹೆಚ್ಚು. ಆದ್ದರಿಂದ ಓಡುವಾಗ ಕ್ಷಣಕ್ಷಣದ ಪೇಸ್ ನೋಡುವುದು, ಕುದಿಯುವ ಸಾರಿನಲ್ಲಿ ಮುಖ ನೋಡಿಕೊಂಡ ಹಾಗೆ. ಕಿಲೋಮೀಟರ್ ಮುಗಿದ ಮೇಲೆ ನೋಡಬೇಕು. ಆಗ ತಪ್ಪುಗಳು ಒಂದಕ್ಕೊಂದು ಬಹುಮಟ್ಟಿಗೆ ವಜಾ ಆಗಿರುತ್ತವೆ.

ಬೂದು ಗೆರೆಯ ಕಥೆ ಇನ್ನೂ ಸೊಗಸು. ನನ್ನ ವಾಚು ಎತ್ತರವನ್ನು ಗಾಳಿಯ ಒತ್ತಡದಿಂದ ಅಂದಾಜು ಮಾಡುತ್ತದೆ. ಮೋಡ ಕವಿದು ಒತ್ತಡ ಇಳಿದರೆ, ‘ಓಹೋ, ಇವರು ಮೇಲೆ ಹತ್ತಿದರು’ ಎಂದು ಬರೆದುಕೊಳ್ಳುತ್ತದೆ. ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷ ವಯಸ್ಸು. ಅಷ್ಟು ಕಾಲ ಕದಲದೆ ಕೂತದ್ದು ನನ್ನ ಗ್ರಾಫಿನಲ್ಲಿ ಮಳೆಗಾಲದ ಒಂದು ವಾರದೊಳಗೆ ಎಂಟು ಮೀಟರ್ ಏರಿ ಇಳಿದಿದೆ.

ನೀಲಿ ಗೆರೆಯಲ್ಲಿ ಒಂದು ಚೂಪು ಶಿಖರವಿದೆ, 4:02. ಅದು ಮರದ್ದೂ ಅಲ್ಲ, ಮೋಡದ್ದೂ ಅಲ್ಲ, ಅಪ್ಪಟ ನನ್ನದೇ. ಒಂಬತ್ತನೇ ಮೇನಿನ ಮೂಲೆಯ ಕಂದು ನಾಯಿಯ ಪ್ರೋತ್ಸಾಹದಿಂದ ಸಾಧಿಸಿದ್ದು. ಮಗಳು ಗ್ರಾಫ್ ನೋಡಿ ‘ಅಪ್ಪಾ, ಸ್ಪ್ರಿಂಟ್ ಪ್ರಾಕ್ಟೀಸ್ ಶುರುಮಾಡಿದ್ದೀಯಾ? ಸೂಪರ್!’ ಅಂದಳು. ಹೂಂ ಅಂದೆ. ಕೆಂಪು ಗೆರೆಯಲ್ಲೂ ಇಂಥದೇ ಪ್ರಸಂಗ. ಚಳಿಯ ಬೆಳಗ್ಗೆ ಓಟ ಶುರುವಾದ ಎರಡೇ ನಿಮಿಷಕ್ಕೆ ಎದೆಬಡಿತ 172! ಗಾಬರಿಯಿಂದ ಮೇಷ್ಟ್ರಿಗೆ ತೋರಿಸಿದೆ. ವಾಚಿನ ಪಟ್ಟಿ ಸಡಿಲವಾಗಿದ್ದರೆ ಅಡಿಯ ಹಸಿರು ಬೆಳಕು ರಕ್ತದ ಮಿಡಿತ ಬಿಟ್ಟು ಕೈಯ ಅದುರನ್ನೇ ಎಣಿಸುವುದುಂಟಂತೆ. ಹೆಜ್ಜೆ ಎಣಿಸಿದೆವು, ನಿಮಿಷಕ್ಕೆ 172. ‘ನಿಮ್ಮ ಕಾಲಿಗೆ ಏನೂ ಕಾಯಿಲೆ ಇಲ್ಲ’ ಅಂದರು ಮೇಷ್ಟ್ರು. ಪಟ್ಟಿ ಬಿಗಿ ಮಾಡಿದ ದಿನಗಳಲ್ಲಿ ಮಾತ್ರ ಅದು ನಿಜ ನುಡಿಯುತ್ತದೆ. ಬಿಸಿಲೇರಿ ಬೆವರು ಹರಿದ ಮೇಲೆ ನೀಲಿ ಕೆಳಗೆ, ಕೆಂಪು ಮೇಲೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಅವೆರಡು ಬೇರೆಯಾಗುವ ಜಾಗವನ್ನು ನೋಡಿದರೆ ಆ ದಿನದ ಓಟದ ನಿಜವಾದ ಕೊನೆ ಎಲ್ಲಿತ್ತೆಂದು ಗೊತ್ತಾಗುತ್ತದೆ. ಆಮೇಲೆ ಓಡಿದ್ದೆಲ್ಲ ಮರ್ಯಾದೆಗೆ.

ಇಷ್ಟೆಲ್ಲ ಕಲಿತ ಮೇಲೆ ಒಂದು ವಿಷಯದಲ್ಲಿ ನಾನು ಹುಷಾರಾದೆ. 2018ರ ಜನವರಿಯಲ್ಲಿ, ಓಟಗಾರರ ಆಪ್ ಸ್ಟ್ರಾವಾದವರು ಬಿಡಿಸಿದ್ದ ಲೋಕದ ಓಟದ ನಕ್ಷೆಯಲ್ಲಿ ಮರುಭೂಮಿಯ ಸೇನಾನೆಲೆಗಳೇ ಮಿನುಗಿ, ಗುಟ್ಟು ರಟ್ಟಾಗಿತ್ತು. ಸೈನಿಕರು ಬೆಳಗ್ಗೆ ಬೆಳಗ್ಗೆ ಬೇಲಿಯೊಳಗೆ ಸುತ್ತು ಹಾಕಿದ್ದೇ ತಪ್ಪು. ಸೇನೆಯ ಗತಿಯೇ ಹೀಗಾದರೆ ನನ್ನಂಥವನ ದರ್ಶಿನಿ ಎಷ್ಟರದು? ಭಾನುವಾರ ಐದನೇ ಕಿಲೋಮೀಟರ್ ಮುಗಿದ ತಕ್ಷಣ ಬರುವ ಆ ದರ್ಶಿನಿಯಲ್ಲಿ ಏಳು ಗಂಟೆಯೊಳಗೇ ಕೇಸರಿಬಾತ್ ಇಳಿಸುತ್ತಾರೆ. ಹಬೆಯಾಡುವ ತಟ್ಟೆಗೆ ಅಡುಗೆಯವನು ಚಮಚದಲ್ಲಿ ತುಪ್ಪ ಬಿಡುವುದನ್ನು ರಸ್ತೆಯಿಂದಲೇ ಕಾಣಬಹುದು. ನನ್ನ ಗಡಿಯಲ್ಲಿರುವ ಸಕ್ಕರೆಗೂ ಈ ಸಂಗತಿಗೂ ಸಂಬಂಧ ಕಲ್ಪಿಸಬಾರದು ಎಂಬ ಸದುದ್ದೇಶದಿಂದ ವಾಚಿನಲ್ಲಿ ‘ಆಟೋ ಪಾಜ್’ ಎಂಬುದನ್ನು ಚಾಲು ಮಾಡಿಟ್ಟೆ. ನಿಂತರೆ ವಾಚೂ ನಿಲ್ಲುತ್ತದೆ, ಹೊರಟರೆ ಹೊರಡುತ್ತದೆ. ಗ್ರಾಫಿನಲ್ಲಿ ಬಾವಿಯೂ ಇಲ್ಲ, ಬಿಂದಿಗೆಯೂ ಇಲ್ಲ. ಮಗಳು ವಾರಗಟ್ಟಲೆ ಗೆರೆ ನೋಡಿ ಮೆಚ್ಚಿದಳು.

ಹೋದ ತಿಂಗಳು ಹುಬ್ಬಳ್ಳಿಯಿಂದ ಮಾವನವರು ಬಂದರು. ವಯಸ್ಸು ಎಂಬತ್ನಾಲ್ಕು. ರೈಲ್ವೆ ಕಂಟ್ರೋಲ್ ಆಫೀಸಿನಲ್ಲಿ ಇದ್ದವರು. ಫೋನಿನ ಪರದೆ ಅವರ ಕಣ್ಣಿಗೆ ಕಾಣದು. ‘ನಿಮ್ಮ ಗಾಡಿ ಹೆಂಗ ಓಡತೈತಿ ನೋಡೂಣು, ಟೈಮಿಂಗ್ ಓದ್ರಿ’ ಎಂದು ಮೊಮ್ಮಗಳ ಹಳೇ ಗ್ರಾಫ್ ಪುಸ್ತಕ ಎಳೆದುಕೊಂಡು ಪೆನ್ಸಿಲ್ ಹಿಡಿದರು. ಅಡ್ಡಕ್ಕೆ ಹೊತ್ತು, ಉದ್ದಕ್ಕೆ ಕಿಲೋಮೀಟರು. ಕಂಟ್ರೋಲಿನಲ್ಲಿ ಅವರು ಮೂವತ್ತು ವರ್ಷ ಬರೆದದ್ದು ಇಂಥದೇ ಚಾರ್ಟು: ಪ್ರತಿ ರೈಲಿಗೂ ಒಂದು ಓರೆಗೆರೆ. ಗೆರೆ ಕಡಿದಾಗಿದ್ದರೆ ಗಾಡಿ ಜೋರು, ಒರಗಿದರೆ ನಿಧಾನ, ಮಲಗಿದರೆ ನಿಂತಿದೆ. ಒಂಟಿ ಹಳಿಯ ಮೇಲೆ ಎದುರು ಬದುರಿನ ಎರಡು ಗೆರೆ ಸ್ಟೇಷನ್ನಿನಲ್ಲೇ ಸಂಧಿಸಬೇಕು, ಬೇರೆಲ್ಲಾದರೂ ಸಂಧಿಸಿದರೆ ಮರುದಿನದ ಪೇಪರಿನಲ್ಲಿ ಬರುತ್ತದೆ. ಕ್ಯಾಸಲ್ ರಾಕ್ ಘಟ್ಟದಲ್ಲಿ 37 ಅಡಿಗೆ ಒಂದಡಿ ಏರು. ಗೂಡ್ಸ್ ಗಾಡಿಗೆ ಹಿಂದಿನಿಂದಲೂ ಎಂಜಿನ್ ಹಚ್ಚಿ ನೂಕಬೇಕು, ಆ ಎಂಜಿನ್ನಿಗೆ ಬ್ಯಾಂಕರ್ ಎಂದು ಹೆಸರು. ‘ನೀವೂ ಬ್ಯಾಂಕಿನವರ ಅಲ್ರಿ ಅಳಿಯಂದ್ರ, ಏರಿನಾಗ ನಿಮ್ಮನ್ನ ನೂಕಾವ್ರು ಯಾರು?’ ಎಂದು ಒಬ್ಬರೇ ನಕ್ಕರು.

ನಾನು ಓದುತ್ತ ಹೋದೆ. 6:50, 6:45, 6:40, 6:55, 6:50, 7:00, 6:40, 6:20. ನಡುಗುವ ಕೈ, ಆದರೆ ಸ್ಕೇಲಿಟ್ಟ ಹಾಗೆ ಗೆರೆ. ‘ಚಲೋ ಐತಿ. ಒಟ್ಟ ಐವತ್ನಾಕ ಮಿನಿಟ್. ಹೊರಟಿದ್ದು?’

‘ಆರು ಐದಕ್ಕೆ.’

‘ಮುಟ್ಟಿದ್ದು?’

‘ಏಳು ಹತ್ತಕ್ಕೆ’ ಅಂದೆ. ಅಂದ ಮೇಲೆ ಹೊಳೆಯಿತು.

ಮಾವನವರು ಪೆನ್ಸಿಲ್ ಎತ್ತಿ ಹಿಡಿದರು. ‘ಅರವತ್ತೈದ ಆತು. ಹನ್ನೊಂದ ಮಿನಿಟ್ ಎಲ್ಲಿ ಹೋತ್ರಿ?’ ಮೂವತ್ತೊಂದು ವರ್ಷ ಟ್ಯಾಲಿ ಮಾಡಿದವನ ಮುಖ ಅವರು ನೋಡಿದರು. ನಾನು ಅಡುಗೆಮನೆಯ ಕಡೆ ನೋಡಿದೆ. ಅವರಿಗೆ ಅಷ್ಟು ಸಾಕಾಯಿತು. ಬಗ್ಗಿ ಪಿಸುಗುಟ್ಟಿದರು: ‘ಯಾವ ಸ್ಟೇಷನ್?’ ಐದು ಬೆರಳು ತೋರಿಸಿದೆ. ಐದನೇ ಕಿಲೋಮೀಟರಿನಾಚೆಯ ಗೆರೆ ಅಳಿಸಿ, ಅಲ್ಲಿ ಹನ್ನೊಂದು ನಿಮಿಷದ ಉದ್ದಕ್ಕೆ ಅಂಗಾತ ಮಲಗಿಸಿ, ಉಳಿದದ್ದನ್ನು ಮತ್ತೆ ಎಬ್ಬಿಸಿದರು. ‘ಹಾಲ್ಟ್ ಟೈಮ್‌ಟೇಬಲ್‌ನಾಗ ಹಾಕಿಬಿಟ್ರ ಗಾಡಿ ಲೇಟ್ ಅನ್ನಂಗಿಲ್ಲ ಯಾರೂ’ ಅಂದರು. ಗಾಡಿ ಯಾಕೆ ನಿಂತಿತೆಂದು ಚಾರ್ಟಿನಲ್ಲಿ ಕಾರಣ ಬರೆಯುವುದು ಕಂಟ್ರೋಲಿನ ಪದ್ಧತಿ. ಮಲಗಿದ ಗೆರೆಯ ಮೇಲೆ ಸಣ್ಣಕ್ಷರದಲ್ಲಿ ಬರೆದರು: ‘ಎಂಜಿನ್ನಿಗೆ ನೀರು.’

ಕಾಫಿ ತಂದ ಮನೆಯವಳು ಚಾರ್ಟಿನ ಮೇಲೆ ಬಗ್ಗಿದಳು. ಕಂಟ್ರೋಲರ್ ಮಗಳು, ಗೆರೆ ಓದಲು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಐದನೇ ಕಿಲೋಮೀಟರಿನ ಮೇಲೆ ಬೆರಳಿಟ್ಟು ಓದಿದಳು, ಬಾಗಿಲ ಹಿಂದೆ ತೂಗುಹಾಕಿದ್ದ ನನ್ನ ಓಟದ ಬಿಳಿ ಟೀಶರ್ಟನ್ನು ನೋಡಿದಳು.

‘ನೀರ ಆದ್ರ, ಇವ್ರ ಅಂಗಿ ಮ್ಯಾಲೆ ಭಾನುವಾರಕ್ಕೊಮ್ಮೆ ಕೇಸರಿ ಕಲೆ ಯಾಕ್ ಬೀಳತೈತಿ, ಅಪ್ಪಾ?’